ಚಕ್ರವರ್ತಿಗೆ ಮೀಸೆ ಇಲ್ಲ

ಸಿಪಾಯಿಗೆ ಮೂರು ಸಾವಿರ. ಮಂತ್ರಿಗೆ ಹದಿನೈದು. ಚಕ್ರವರ್ತಿಗೆ ಎಂಬತ್ತು. ಶ್ರೀರಾಂಪುರದ ಸುತ್ತಿನ ಹಳ್ಳಿ ನಾಟಕಗಳಲ್ಲಿ ಪಾತ್ರ ಸಿಗುವುದು ಅಭಿನಯ ಬಲ್ಲವನಿಗಲ್ಲ, ದುಡ್ಡು ಇಟ್ಟವನಿಗೆ. ಚಿತ್ರಲಿಂಗಪ್ಪ ಎಂಬತ್ತು ಸಾವಿರದ ಕಟ್ಟನ್ನು ನಾಟಕದ ಮಾಸ್ತರ ಹಫೀಜರ ಮಡಿಲಿಗೆ ಎಸೆದ. ಕೈಗೆ ಕೊಡಲಿಲ್ಲ, ಎಸೆದ.

“ಎಣಿಸ್ಕಳಯ್ಯ. ಜೀವಮಾನದಾಗೆ ಇಷ್ಟು ನೋಡಿರಾಕಿಲ್ಲ ನೀನು.”

ಹಫೀಜ್ ನಿಧಾನವಾಗಿ ಎಣಿಸಿದರು. “ಮೀಸೆ ತೆಗೀಬೇಕಾಗ್ತತಿ ಯಜಮಾನ್ರೇ. ನಮ್ಮ ಚಕ್ರವರ್ತಿಗೆ ಮೀಸೆ ಇಲ್ಲ.”

“ಚೀನಾದೋರಿಗೆ ಎಲ್ಲೈತೆ ಬಿಡು ಮೀಸೆ!” ಎಂದು ಚಿತ್ರಲಿಂಗಪ್ಪ ತಾನೇ ಉತ್ತರ ಹೇಳಿಕೊಂಡ.

ಹಳೆಯ ಚೀನಾದ ಅರಮನೆ, ಮಾತಾಡುವ ಡ್ರ್ಯಾಗನ್, ರಣರಂಗದಿಂದ ಎದ್ದು ಬಂದು ಸಿಂಹಾಸನವನ್ನೇ ಏರಿದ ಸಿಪಾಯಿ. ಹೀಗೊಂದು ಕಾದಂಬರಿ ಬರೆದು ಹಫೀಜ್ ಟ್ರಂಕಿನಲ್ಲಿ ಇಟ್ಟಿದ್ದರು. ಅಚ್ಚು ಹಾಕುವವರು ಸಿಕ್ಕಿರಲಿಲ್ಲ. ಈ ವರ್ಷ ಅದನ್ನೇ ನಾಟಕ ಮಾಡಿಕೊಂಡು ಹೊಸದುರ್ಗದಿಂದ ಬಸ್ಸು ಹತ್ತಿ ಬಂದಿದ್ದರು, ಯಾರೂ ಕರೆಯದೆ ಎಂದೇ ಚಿತ್ರಲಿಂಗಪ್ಪ ತಿಳಿದಿದ್ದ.

ದುರುಗಕ್ಕ ಟೀ ತಂದಳು. ಗಂಡನಿಗೆ ಸಕ್ಕರೆ ಹಾಕಿದ್ದು, ಮಾಸ್ತರರಿಗೆ ಹಾಕದ್ದು.

ಪಂಚಾಯಿತಿ ಅಧ್ಯಕ್ಷೆ ಈ ದುರುಗಕ್ಕನೇ. ಮಹಿಳಾ ಮೀಸಲಾತಿ. ಬೋರ್ಡಿನಲ್ಲಿ ಅವಳ ಹೆಸರು, ಕುರ್ಚಿಯಲ್ಲಿ ಅವನ ಅಂಡು. ಗೆದ್ದ ಹೊಸದರಲ್ಲಿ ಒಮ್ಮೆ ಅವಳು ಹೋಗಿ ಕೂತಿದ್ದಳು. “ಏಳೇ, ಹೆಂಗಸು ಕುಂತ್ರೆ ಕುರ್ಚಿಗೇ ನಾಚಿಕೆ ಆಗ್ತತಿ,” ಎಂದು ಮೆಂಬರುಗಳ ಎದುರೇ ಎಬ್ಬಿಸಿ ಕಳಿಸಿದ್ದ. ಎಲ್ಲರೂ ನಕ್ಕಿದ್ದರು. ಆಮೇಲೆ ಅವಳು ಆ ಕಡೆ ತಲೆ ಹಾಕಿರಲಿಲ್ಲ. ಸಹಿ ಮನೆಯಲ್ಲೇ ಹಾಕುತ್ತಿದ್ದಳು. ಮಿಕ್ಕಂತೆ ಅವಳಿಗೆ ಆಡು ಕಾಯುವ ಕೆಲಸ. ಅದೂ ಬರುವುದಿಲ್ಲ ಎಂಬುದು ಗಂಡನ ತೀರ್ಮಾನ. ಹಿಂದಿನ ತಿಂಗಳು ಕೊಬ್ಬಿದ ಹೋತವೊಂದು ಕಾಣೆಯಾಗಿತ್ತು.

“ಚಿರತೆ ಹೊತ್ಕಂಡು ಹೋತು,” ಅಂದಿದ್ದಳು.

“ನಿನ್ನ ಹೊತ್ಕಂಡು ಹೋಗಾಕೆ ಅದಕ್ಕೇನಾಗಿತ್ತು?” ಅಂದಿದ್ದ.

ಈಗ ಅವನ ಕಣ್ಣು ಜಿಲ್ಲಾ ಪಂಚಾಯಿತಿ ಟಿಕೆಟ್ಟಿನ ಮೇಲಿತ್ತು. ಪಕ್ಷದ ಮುಖಂಡರನ್ನೆಲ್ಲ ನಾಟಕಕ್ಕೆ ಕರೆದ. ಮುಂದಿನ ಸಾಲಿಗೆ ಸೋಫಾ ಹಾಕಿಸಿದ. ತಾಲೀಮಿಗೆ ಮಾತ್ರ ಹೋಗಲಿಲ್ಲ. ಮೂರು ಸಾವಿರದ ಸಿಪಾಯಿಗಳ ಜೊತೆ ಚಕ್ರವರ್ತಿ ಯಾಕೆ ನಿಲ್ಲಬೇಕು? ಹೇಗೂ ನಾಟಕ ಪೂರ್ತಿ ಬರೆದುಕೊಡುವ ವಾಡಿಕೆಯಿಲ್ಲ. ಅವರವರ ಮಾತಷ್ಟೇ ಹಾಳೆಯಲ್ಲಿ, ಜೊತೆಗೆ ಎದುರಿನವರ ಕೊನೆಯ ಎರಡು ಪದ. ತಾಲೀಮು ಮುಗಿಸಿದ ಊರವರು ದಾರಿಯುದ್ದಕ್ಕೂ ನಗುತ್ತ ಹೋಗುವುದು ಅವನ ಮನೆಗೆ ಕೇಳಿಸುತ್ತಿತ್ತು.

“ಕೋಡಂಗಿಗಳು. ತಮ್ಮ ಆಟಕ್ಕೆ ತಾವೇ ನಗ್ತವೆ,” ಅನ್ನುತ್ತಿದ್ದ.

ಅವನಿಗೆ ಮನೆಯಲ್ಲೇ ಪಾಠ. ಎದುರಿನವರ ಮಾತನ್ನು ದುರುಗಕ್ಕ ಹೇಳುವಳು. ಎರಡು ಪದ ಸಾಕಿದ್ದಲ್ಲಿ ಒಮ್ಮೊಮ್ಮೆ ಇಡೀ ಮಾತನ್ನೇ ಹೇಳಿಬಿಡುವಳು. ಅವಳ ಮಾತಿಗೆ ಕಿವಿಗೊಟ್ಟು ಅಭ್ಯಾಸವಿಲ್ಲದ ಚಿತ್ರಲಿಂಗಪ್ಪ ಅದನ್ನು ಗಮನಿಸಲಿಲ್ಲ.

“ಪೂರ್ತಿ ಕಥೆ ಕೇಳಾಕಿಲ್ವಾ?”

“ನಾನೇ ಚಕ್ರವರ್ತಿ. ನಾನಿದ್ದಷ್ಟೇ ಕಥೆ.”

“ಹಂಗಾರೆ ಕೊನೇ ಸೀನು ಗಟ್ಟಿ ಮಾಡ್ಕಳ್ರಿ. ‘ನಿಜ ಹೇಳು’ ಅಂದ ತಕ್ಷಣ ನಿಮ್ಮ ಮಾತು. ತಡ ಆದ್ರೆ ಸೀಟಿ ಬೀಳಾಕಿಲ್ಲ.”

ಸಿಂಹಾಸನ ತ್ಯಾಗದ ಮಾತು ಅದು. ಜನ ಕಣ್ಣೊರೆಸಿಕೊಳ್ಳಬೇಕು ಎಂದು ಅವನ ಆಸೆ. ಉಣ್ಣುವಾಗ, ಬೆನ್ನು ಉಜ್ಜುವಾಗ ದುರುಗಕ್ಕ “ನಿಜ ಹೇಳು” ಅನ್ನುವಳು. ಬಾಯಿ ತಾನಾಗಿ ಒದರುವಷ್ಟು ಪಳಗಿತು.

ನಾಟಕದ ದಿನ ಮೀಸೆ ಬೋಳಿಸಿದ. ಕಿರೀಟ ವಿಪರೀತ ಭಾರ ಎಂದು ಬೈದ. ಮಂತ್ರಿಯ ಮಗಳ ಪಾತ್ರಕ್ಕೆ ಚಿತ್ರದುರ್ಗದಿಂದ ಬಂದಿದ್ದ ನಟಿ ಉಷಾರಾಣಿಯನ್ನು ಮೇಲಿಂದ ಕೆಳಗೆ ನೋಡಿದ.

“ಏನಮ್ಮ, ಬಾಡಿಗೆ ರಾಣಿ!”

“ಬಾಡಿಗೆ ಅಂತ ಒಪ್ಕಂಡೇ ಬಂದೀನ್ರಿ ನಾನು,” ಅಂದಳು ಅವಳು, ಕಾಡಿಗೆ ತೀಡಿಕೊಳ್ಳುತ್ತ.

ಕೊನೆಯ ದೃಶ್ಯದವರೆಗೂ ಸೀಟಿಯೋ ಸೀಟಿ. ಸೋಫಾದ ಮೇಲಿನ ಮುಖಂಡರು ತಲೆದೂಗಿದರು. ಆಗ ಹಸಿರು ಡ್ರ್ಯಾಗನ್ ರಂಗಕ್ಕೆ ಬಂತು. ಉಷಾರಾಣಿ ಚಕ್ರವರ್ತಿಯ ಕಿರೀಟ ಎತ್ತಿದಳು. ಅದರೊಳಗಿಂದ ಮಾರುದ್ದದ ಜಡೆ ಚಿತ್ರಲಿಂಗಪ್ಪನ ಬೆನ್ನ ಮೇಲೆ ಬಿತ್ತು.

“ಇವಳು ಗಂಡಲ್ಲ!” ಡ್ರ್ಯಾಗನ್ ಗುಡುಗಿತು. “ಸತ್ತ ಸಿಪಾಯಿಯ ಹೆಸರು ಹೊತ್ತು ಸಿಂಹಾಸನ ಏರಿದ ಹೆಣ್ಣು! ಹೇಳು ತಾಯಿ, ನಿಜ ಹೇಳು!”

ಚಿತ್ರಲಿಂಗಪ್ಪ ಬೆನ್ನ ಮೇಲಿನ ಜಡೆಗೆ ಕೈ ಹಾಕಿದ. ಬಾಯಿ ಮಾತ್ರ ನಿಲ್ಲಲಿಲ್ಲ.

“ನಿಜ. ಹೆಸರು ಇನ್ನೊಬ್ಬರದು, ಕುಳಿತದ್ದು ನಾನು. ಈ ಪೀಠ ನನ್ನದಲ್ಲ. ಇಗೋ, ಇಳಿಯುತ್ತಿದ್ದೇನೆ.”

ಹಿಂದಿನಿಂದ ಯಾರೋ ಕೂಗಿದರು: “ಹಂಗಾರೆ ನಾಳಿಂದ ಪಂಚಾಯ್ತಿಗೂ ಬರಬ್ಯಾಡ್ರಿ ಅಮ್ಮಾವ್ರೇ!”

ಮುಖಂಡರು ಸೋಫಾ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡದ್ದೂ ನಿಜ.

ಮರುದಿನ ದುರುಗಕ್ಕ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಏಳು ಅನ್ನಲು ಅಲ್ಲಿ ಯಾರೂ ಇರಲಿಲ್ಲ. ಮೀಸೆ ಬೆಳೆಯುವವರೆಗೆ ಚಿತ್ರಲಿಂಗಪ್ಪ ಹೊಸಿಲು ದಾಟಲಿಲ್ಲ. ಟಿಕೆಟ್ಟು ಬೇರೆಯವರ ಪಾಲಾಯಿತು.

ಅವನು ಕಳೆದುಕೊಂಡದ್ದು ಎಂಬತ್ತು ಸಾವಿರ, ಒಂದು ಮೀಸೆ, ಎರಡು ಕುರ್ಚಿ. ಹಫೀಜ್ ಮಾಸ್ತರರಿಂದ ಆ ನಾಟಕ ಬರೆಸಿದ್ದಕ್ಕೆ ದುರುಗಕ್ಕ ಕಳೆದುಕೊಂಡದ್ದು ಒಂದೇ ಒಂದು ಹೋತ.