ಸಿಲಿಂಡರಿನ ಸಂದಿಯ ಹುಣಸೆ ಎಲೆ

ಒಲೆಯ ಕೆಂಡ ಆರಿಸಿ ಬಂದು, ತಣ್ಣಗಾದ ಎಂಜಿನ್ನಿನ ಗಾಳಿಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಕಮಲಾಕ್ಷಿ ಸೀಮೆಎಣ್ಣೆಯ ಬ್ರಷ್ಷಿನಿಂದ ಜಿಡ್ಡು ಉಜ್ಜುತ್ತಿದ್ದಳು. ರಸ್ತೆಗಳೆಲ್ಲ ದೂಳಿನಡಿ ಹೂತುಹೋದ ಮೇಲೆ ಊರಿನ ಪ್ರತಿ ಅಂಗಳದಲ್ಲೂ ಒಂದು ಪುಟ್ಟ ವಿಮಾನವಿತ್ತು. ಹಾರಿ ಬಂದವರು ಅದನ್ನು ತೊಳೆಯಬಾರದು, ದಣಿದ ಕೈ ಏನಾದರೂ ಮರೆಯುತ್ತದೆ ಎಂಬುದು ರೂಢಿ. ಹಾಗಾಗಿ ಅತ್ತೆ ಬಾಳವ್ವ ಸಂತೆಯಲ್ಲಿ ಮೊಸರು ಮಾರಿ ಬಂದಿಳಿದರೆ ತೊಳೆಯುವ ಕೆಲಸ ಸೊಸೆಯದು.

ಸಿಲಿಂಡರಿನ ಸಂದಿಯಲ್ಲಿ ಬ್ರಷ್ಷಿಗೆ ಏನೋ ತೊಡರಿತು. ಬೆರಳು ಹಾಕಿ ಎಳೆದಳು. ಹುಣಸೆಯ ಹಸಿ ಎಲೆಗಳು, ಜೊತೆಗೆ ಮುರಿದ ಟೊಂಗೆಯ ಚೂರು.

"ಅತ್ತೀ, ಇವತ್ತ ಬಾಳ ಕೆಳಗ ಬಂದ್ರೇನು?"

ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಬಾಳವ್ವ ತಿರುಗಲಿಲ್ಲ. "ಗಾಳಿಗೆ ಎಲಿ ಹಾರಿ ಬಂದಿರತಾವ. ನೀ ಹುಟ್ಟೂಕಿಂತ ಮೊದಲಿಂದ ಹಾರಸ್ತೀನಿ, ನನಗ ಗಿಡ ಕಾಣಂಗಿಲ್ಲೇನು? ಹಿಂದಿನ ಸೀಟಿನಾಗ ಕಣ್ಣ ಮುಚ್ಚಿ ಕೂಡಾಕಿ, ನೀ ನನಗ ಹೇಳಾಕ ಬಂದಿ."

ಎಲೆಯ ಮಾತನ್ನು ಕಮಲಾಕ್ಷಿ ಎತ್ತಿಯೇ ಇರಲಿಲ್ಲ.

ಅತ್ತೆಗೆ ಮರ ಕಾಣುತ್ತಿಲ್ಲವೆಂದು ಗಂಡನಿಗೆ ಹೇಳಿದರೆ ಇಂದೇ ವಿಮಾನದ ಕೀಲಿ ಕಿತ್ತುಕೊಳ್ಳುತ್ತಾನೆ. ಆಮೇಲೆ ಈ ಮುದಿಜೀವಕ್ಕೆ ಉಳಿಯುವುದು ಈ ಕಟ್ಟೆ ಮಾತ್ರ. ಸುಮ್ಮನಿದ್ದರೆ ಇನ್ನೊಂದು ದಿನ ಎಂಜಿನ್ನಿಗೆ ಎಲೆಯಲ್ಲ, ಮರವೇ ಸಿಗುತ್ತದೆ.

ಅವಳು ಚೊಂಬಿನಿಂದ ಮೆಲ್ಲಗೆ ನೀರು ಬಿಟ್ಟು ಜಿಡ್ಡು ಇಳಿಸಿದಳು. ಒಣಬಟ್ಟೆಯಿಂದ ಒರೆಸಿ, ಗಾಳಿಬಾಯಿಯ ಪ್ಲಾಸ್ಟಿಕ್ ಬಿಚ್ಚಿದಳು. ಮುಂದಿನ ಸಂತೆಗೆ, ಬಳೆ ಇಡಿಸಿಕೊಳ್ಳಬೇಕೆಂಬ ನೆಪ ಹೇಳಿ ತಾನೂ ಜೊತೆಗೆ ಹೊರಡುವುದು, ಹೋಗಿ ಬರುವ ತನಕ ಎಷ್ಟೇ ಹೆದರಿಕೆಯಾದರೂ ಕಣ್ಣು ಮುಚ್ಚದಿರುವುದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.