ಬಲಗಡೆಯ ಗುರುತು

"ಡಾಕ್ಟ್ರು ಒಂದೇ ಅಂದಿದ್ರಲ್ಲ ಸಿಸ್ಟರ್?" ಎಂದು ಟೈಲರಮ್ಮ ಕೇಳುವಷ್ಟರಲ್ಲಿ ನರ್ಸು ಹೊಕ್ಕುಳಿನ ಬಲಗಡೆಯೂ ಪೆನ್ನಿನಿಂದ ಒಂದು ಗುರುತು ಹಾಕಿಬಿಟ್ಟಿದ್ದಳು. ಎಡಗಡೆಯದು ಮಲಕ್ಕೆ. ನಾಳೆ ಕಿಬ್ಬೊಟ್ಟೆಯ ಗಡ್ಡೆ ತೆಗೆದ ಮೇಲೆ ಕರುಳಿನ ತುದಿಯನ್ನು ಅಲ್ಲಿ ಹೊರಗೆ ತಂದು ಚೀಲ ಅಂಟಿಸುತ್ತಾರೆ. ಅದಕ್ಕೆ ಅವಳು ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. "ಊರಿಗೆಲ್ಲ ಜೇಬು ಹೊಲಿದೆ, ಈಗ ನನಗೂ ಒಂದು ಬಂತು" ಎಂದು ಬೆಳಿಗ್ಗೆ ತಾನೇ ಗಂಡನನ್ನು ನಗಿಸಿದ್ದಳು.

"ಇದು ಮೂತ್ರಕ್ಕೆ ಅಮ್ಮ. ಗಡ್ಡೆ ಮೂತ್ರಕೋಶಕ್ಕೂ ಅಂಟಿಕೊಂಡಿದ್ರೆ ಅಂತ ಸುಮ್ನೆ ಹಾಕಿರೋದು. ಬೇಕಾಗ್ದಿದ್ರೆ ಅಳಿಸಿದ್ರಾಯ್ತು" ಎಂದಳು ನರ್ಸು.

"ಕೇಳಿದ್ಯಾ, ಸುಮ್ನೆ ಹಾಕಿರೋದಂತೆ ಕಣೇ" ಎಂದ ಗಂಡ, ಹೋದ ಜೀವ ಬಂದವನಂತೆ.

ಟೈಲರಮ್ಮ ಬಗ್ಗಿ ಬಲಗಡೆಯ ಗುರುತನ್ನು ನೋಡಿಕೊಂಡಳು. ಸೀಮೆಸುಣ್ಣ ತಾನೆ, ಕೊಡವಿದರೆ ಹೋಗುತ್ತೆ ಎಂದು ಮೂವತ್ತು ವರ್ಷ ಅವಳೂ ಗಿರಾಕಿಗಳಿಗೆ ಹೇಳಿಕೊಂಡೇ ಬಂದವಳು. ಆದರೆ ಕತ್ತರಿ ಆಡಿಸದ ಕಡೆ ಅವಳು ಒಂದು ದಿನವೂ ಗೆರೆ ಎಳೆದಿರಲಿಲ್ಲ.

"ಸ್ನಾನ ಮಾಡ್ಬಹುದಾ ಸಿಸ್ಟರ್?" ಎಂದಳು, ಬೇರೇನು ಕೇಳಬೇಕೋ ತಿಳಿಯದೆ.

"ಧಾರಾಳವಾಗಿ ಮಾಡಿ" ಎಂದ ನರ್ಸು, ನೀರಿಗೆ ಅಳಿಸಿಹೋಗದಿರಲೆಂದು ಟ್ರೇಯಿಂದ ಪಾರದರ್ಶಕ ಪಟ್ಟಿಯೊಂದನ್ನು ತೆಗೆದಳು. ಅದನ್ನು ಮೊದಲು ಬಲಗಡೆಯ ಗುರುತಿನ ಮೇಲೆಯೇ ಅಂಟಿಸಿ, ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.