ಎರಡು ಚುಕ್ಕಿ

"ಗ್ರೈಂಡರ್ ಹಾಕಿ ಕುಯ್ದುಬಿಡೋಣಮ್ಮ," ಎಂದ ಉಗ್ರಪ್ಪ. ಬೆಳಗಿನಿಂದ ಇದು ಮೂರನೆಯ ಸಲ.

"ಬೇಡ ಸಾರ್. ಬಿಚ್ಚೋಕಾದ್ರೆ ಬಿಚ್ಚಿ, ಕುಯ್ಯೋದು ಮಾತ್ರ ಬೇಡ ಅಂತ ಅಪ್ಪ ಹೇಳಿದಾರೆ," ಎಂದಳು ಕಾರು ತಂದಿದ್ದ ವಚನಾ. ಮೂವತ್ತರ ಆಸುಪಾಸಿನವಳು. ಮಾತು ಮೃದು, ಪಟ್ಟು ಮಾತ್ರ ಗಟ್ಟಿ.

ಗೋವಿಂದರಾಜನಗರದ ಆ ಗ್ಯಾರೇಜಿನಲ್ಲಿ ಬಾನೆಟ್ ತೆರೆದು ನಿಂತಿದ್ದದ್ದು ಅರವತ್ತೆಂಟನೇ ಇಸವಿಯ ಅಂಬಾಸಿಡರ್. ವಾಟರ್ ಪಂಪ್ ಸೋರುತ್ತಿತ್ತು. ಅದನ್ನು ಬದಲಿಸಬೇಕಾದರೆ ಅದರ ಶಾಫ್ಟಿನ ತುದಿಗೆ ಕೂತ ಫ್ಯಾನ್ ಹಬ್ ಮೊದಲು ಹೊರಬರಬೇಕು. ಫ್ಯಾನಿನ ರೆಕ್ಕೆಗಳು ಸಲೀಸಾಗಿ ಬಂದಿದ್ದವು. ಅವನ್ನು ಹಿಡಿದಿದ್ದ, ನಡುವೆ ತೂತಿರುವ ಅಂಗೈಯಗಲದ ಈ ಹಬ್ ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ಉಗ್ರಪ್ಪನಿಗೆ ಅದು ಕದಲುವುದೂ ಬೇಕಿರಲಿಲ್ಲ.

ಕಾರಣ, ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಎಂಬತ್ತಾರರ ಮುದುಕ. ಮುನಿವೆಂಕಟಪ್ಪ ಮೇಸ್ತ್ರಿ ಈ ಗ್ಯಾರೇಜು ಕಟ್ಟಿದವರು, ಉಗ್ರಪ್ಪನಿಗೆ ಕೆಲಸ ಕಲಿಸಿದವರು, ಸಾಲದ್ದಕ್ಕೆ ಹೆಣ್ಣು ಕೊಟ್ಟ ಮಾವ. ಕಣ್ಣು ಹೆಚ್ಚುಕಡಿಮೆ ಹೋಗಿದೆ. ಆದರೂ ಇಲ್ಲಿ ಏನು ಬಿಚ್ಚಿದರೂ ಮೊದಲು ಅವರ ಕೈಗೆ ಕೊಡಬೇಕು. ಬೆರಳಾಡಿಸಿ ಎಲ್ಲ ತಿಳಿದುಕೊಳ್ಳುತ್ತಾರೆ. ಅವರದೊಂದು ಕಟ್ಟಳೆಯಿತ್ತು. ಯಾರು ಯಾವ ಭಾಗ ಕೂರಿಸಿದರೋ ಅವರು ಅದರ ಒಳಗೆ ಪಂಚ್ ಇಟ್ಟು ಬಡಿದು ತಮ್ಮ ಗುರುತು ಹಾಕಬೇಕು. ಉಗ್ರಪ್ಪನದು ಎರಡು ಚುಕ್ಕಿ. ಜೊತೆಗಾರ ಯೋಗಾನಂದನದು ಒಂದು. ಯೋಗಾನಂದ ಎಡಚ. ಅವನು ಬಡಿದ ಚುಕ್ಕಿ ಯಾವಾಗಲೂ ಎಡಕ್ಕೆ ವಾಲುತ್ತಿತ್ತು, ಬೆರಳಿಗೆ ತಿಳಿಯದಿದ್ದರೂ ಕಣ್ಣಿಗೆ ಕಾಣುವಷ್ಟು. "ಏನೋ ಇದು, ನಿನ್ನ ಚುಕ್ಕಿ ಕುಡ್ಕೊಂಡು ನಿಂತಂಗಿದೆ," ಎಂದು ಮೇಸ್ತ್ರಿ ರೇಗಿಸುತ್ತಿದ್ದರು.

ಇಪ್ಪತ್ತಾರು ವರ್ಷದ ಹಿಂದೆ ಇದೇ ಕಾರು ಅದರ ಯಜಮಾನ ದೊಡ್ಡಹನುಮಯ್ಯನವರ ಮಗಳನ್ನು ಕೂರಿಸಿಕೊಂಡು ಮದುವೆಗೆ ಹೊರಟಿತ್ತು. ಮಾಗಡಿ ರಸ್ತೆಯಲ್ಲಿ ಹಬ್ ಸಡಿಲಾಗಿ ಫ್ಯಾನು ರೇಡಿಯೇಟರಿಗೆ ಹೊಡೆಯಿತು. ಮದುವಣಗಿತ್ತಿ ಆಟೋ ಹತ್ತಿ ಛತ್ರ ಸೇರಿದಳು. "ಇದನ್ನ ಕೂರ್ಸಿದ್ದು ಯಾರೋ?" ಎಂದು ಮೇಸ್ತ್ರಿ ಗುಡುಗಿದರು.

ಕೂರಿಸಿದ್ದು ಉಗ್ರಪ್ಪ. ತೂತು ಸವೆದ ಹಬ್ ಲೇತಿಗೆ ಒಯ್ದು ಬುಷ್ ಎಂಬ ಉಕ್ಕಿನ ಬಳೆ ಹಾಕಿಸಲು ಬೇಸರವಾಗಿ, ಸಂದಿಗೆ ಎಣ್ಣೆ ಡಬ್ಬದ ತಗಡು ಸುತ್ತಿ ಬಡಿದಿದ್ದ. ಮೇಸ್ತ್ರಿಯ ಮಗಳೊಂದಿಗೆ ಅವನ ನಿಶ್ಚಿತಾರ್ಥಕ್ಕೆ ನಾಲ್ಕೇ ದಿನವಿತ್ತು. ಬಾಯಿಂದ ಹೊರಟದ್ದು ಯೋಗಾನಂದನ ಹೆಸರು.

ಮೇಸ್ತ್ರಿ ಬಿಚ್ಚಿ ನೋಡಲಿಲ್ಲ. ಅಳಿಯನಾಗುವವನ ಮಾತು ಅವರಿಗೆ ಸಾಕಿತ್ತು. ಯೋಗಾನಂದನನ್ನು ನಿಂತ ಕಾಲಲ್ಲೇ ಕೆಲಸದಿಂದ ತೆಗೆದರು. ಅವನು ಕೈಗೆ ಮೆತ್ತಿದ್ದ ಗ್ರೀಸ್ ಒರೆಸಿಕೊಂಡು ಹೊರಟುಹೋದ. ಮತ್ತೆ ಕೂರಿಸುವ ಕೆಲಸ ಉಗ್ರಪ್ಪನಿಗೇ ಬಂತು. ಆ ಪುಣ್ಯಾತ್ಮ ಆಗಲಾದರೂ ಬುದ್ಧಿ ಕಲಿತನೇ? ಇನ್ನೊಂದು ಸುತ್ತು ತಗಡು ಸುತ್ತಿ ಕಳಿಸಿದ. ಕಾರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ಯಾರಾದರೂ ಒಳ್ಳೆ ಕೆಲಸಗಾರ ಅಂದರೆ ಉಗ್ರಪ್ಪನ ಕಿವಿ ನಾಚಿಕೆಯಿಂದ ಸುಡುತ್ತದೆ.

ಈಗ ಹಬ್ ಬಿಚ್ಚಿದರೆ ಒಳಗೆ ತಗಡು, ಪಕ್ಕದಲ್ಲಿ ತನ್ನ ಎರಡು ಚುಕ್ಕಿ. ಮಾವನ ಬೆರಳಿಗೆ ಅಷ್ಟು ಸಾಕು.

"ಅಪ್ಪ ಹೇಗಿದಾರಮ್ಮ?" ಎಂದ, ಏನಾದರೂ ಕೇಳಬೇಕಲ್ಲ ಎಂದು. ದೊಡ್ಡಹನುಮಯ್ಯನವರ ಮದುವೆಮನೆಯಲ್ಲಿ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಮಕ್ಕಳಲ್ಲಿ ಅವರ ಈ ಕಿರಿಮಗಳೂ ಒಬ್ಬಳಿರಬೇಕು.

"ಸ್ಟ್ರೋಕ್ ಆಗಿದೆ ಸಾರ್. ಎಡಗೈ ಸ್ವಾಧೀನ ಇಲ್ಲ."

"ಬಲಗೈ ಚೆನ್ನಾಗಿದೆಯಲ್ಲ, ಬಿಡಿ."

ಅವಳು ಅವನ ಮುಖವನ್ನೇ ನೋಡಿದಳು. "ಆ ಕೈ ಸರಿಯಿದ್ದಿದ್ರೆ ಇದನ್ನ ಇಲ್ಲಿಗೆ ತರ್ತಾನೇ ಇರ್ಲಿಲ್ಲ."

ನಂಬಿಕೆಯಿಲ್ಲ ಅಂತ ಹಂಗಿಸುತ್ತಿದ್ದಾಳೆ ಅಂದುಕೊಂಡ ಉಗ್ರಪ್ಪ. ತಪ್ಪೇನಿಲ್ಲ ಅಂತಲೂ ಅನ್ನಿಸಿತು. ಒಂದೇ ಸೋಜಿಗ: ತಗಡು ಸುತ್ತಿದ ಕೆಲಸ ಇಷ್ಟು ಬಿಗಿಯಾಗಿದ್ದು ಹೇಗೆ? ತುಕ್ಕು ಹಿಡಿದಿರಬೇಕು.

"ಪುಲ್ಲರ್ ಬಿಗಿ ಮಾಡು. ಸುತ್ತ ಬೆಂಕಿ ತೋರ್ಸು. ಪುಲ್ಲರ್ ತಲೆ ಮೇಲೆ ಒಂದೇ ಏಟು ಹಾಕು," ಮೇಸ್ತ್ರಿ ಕೂತಲ್ಲಿಂದಲೇ ಅಂದರು.

ಹಬ್ಬಿಗೆ ಕೊಕ್ಕೆ ಹಾಕಿ ಎಳೆಯುವ ಪುಲ್ಲರ್ ಬಿಗಿಸಿ, ಹೇಳಿದ ಹಾಗೆ ಮಾಡಿದ. ಟಕ್ ಎಂದು ಹಬ್ ಕಳಚಿತು. ಒದ್ದೆ ಗೋಣಿಯಲ್ಲಿ ಆರಿಸುವ ನೆಪದಲ್ಲಿ ತಗಡು ಕಿತ್ತುಬಿಡಬೇಕು ಅಂದುಕೊಳ್ಳುವಷ್ಟರಲ್ಲಿ ವಚನಾ ಪಕ್ಕಕ್ಕೆ ಬಂದು ನಿಂತಳು. ಮೇಸ್ತ್ರಿಯ ಕೈ ಆಗಲೇ ಚಾಚಿಕೊಂಡಿತ್ತು.

ಉಗ್ರಪ್ಪ ಆರಿದ ಹಬ್ ಅವರ ಕೈಗಿಟ್ಟ. ಸಾಕು, ಹೇಳಿಬಿಡಬೇಕು.

"ಮಾವ, ಅವತ್ತು ನಾನು..."

"ಸುಮ್ನಿರೋ." ಮುದುಕರ ಬೆರಳು ಒಳಗೆ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. "ತೂತು ಅಗಲ ಮಾಡ್ಸಿ ಉಕ್ಕಿನ ಬುಷ್ ಹಾಕ್ಸಿದೀಯ. ಕೂದಲು ತೂರ್ಸೋಕೂ ಸಂದಿಲ್ಲ. ಎರಡು ಚುಕ್ಕಿ. ಇದು ಕಣೋ ಕೆಲ್ಸ ಅಂದ್ರೆ! ಆ ಎಡಚನ್ನ ಓಡ್ಸಿ ನಿನ್ನ ಇಟ್ಕೊಂಡೆನಲ್ಲ, ಒಂದಿನಾನೂ ಬೇಜಾರಾಗಿಲ್ಲ ನಂಗೆ."

ತಾನು ಬುಷ್ ಹಾಕಿಸಿರಲಿಲ್ಲ. ಆದರೂ ಹಾಗಂತ ಹೇಳದೆ ನಿಜ ನುಂಗಿದ. ಇಪ್ಪತ್ತಾರು ವರ್ಷದಲ್ಲಿ ಇದು ಎರಡನೆಯ ಸಲ.

ವಚನಾ ತಲೆ ತಗ್ಗಿಸಿದ್ದಳು. "ಅಪ್ಪಂಗೆ ಹೇಳ್ತೀನಿ. ಮೇಸ್ತ್ರಿ ಮೆಚ್ಕೊಂಡ್ರು ಅಂದ್ರೆ ಖುಷಿ ಪಡ್ತಾರೆ."

"ದೊಡ್ಡಹನುಮಯ್ಯನವರಿಗೆ ನನ್ನ ನಮಸ್ಕಾರ..." ಉಗ್ರಪ್ಪ ತೊದಲಿದ.

"ಅವ್ರು ಅಪಶಕುನದ ಕಾರು ಅಂತ ಆ ತಿಂಗಳೇ ಮಾರ್ಬಿಟ್ರು ಸಾರ್. ತಗೊಂಡಿದ್ದು ನಮ್ಮಪ್ಪ."

ಉಗ್ರಪ್ಪ ಮಾವನ ಕೈಯಿಂದ ಹಬ್ ತೆಗೆದುಕೊಂಡು ಬಾಗಿಲ ಬಿಸಿಲಿಗೆ ಹಿಡಿದ.

ಬುಷ್ಷಿನ ಅಂಚಿನಲ್ಲಿದ್ದ ಎರಡು ಚುಕ್ಕಿಯೂ ಎಡಕ್ಕೆ ವಾಲಿದ್ದವು.